ಕಲ್ಲಿನಿಂದ ಕೊರಳಿಗೆ: ಸವದತ್ತಿ ಸೀಮೆಯಲ್ಲಿ ಸಂಶೋಧನೆ ನಡೆದ ದಾರಿ

ಮಾನವಿಕ ಶಾಸ್ತ್ರಗಳಲ್ಲಿ ಸಂಶೋಧನಾ ವಿಧಾನವೆಂದರೆ ಆಕರವನ್ನು ಹುಡುಕಿ, ಓದಿ, ಅದು ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತೂಗಿ ನೋಡುವ ಕ್ರಮ. ಕಳೆದ ನೂರೈವತ್ತು ವರ್ಷಗಳಲ್ಲಿ ಕನ್ನಡ ನಾಡಿನಲ್ಲಿ ಈ ಕ್ರಮ ಹೇಗೆ ಬದಲಾಯಿತೆಂಬುದಕ್ಕೆ ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳದ ಸುತ್ತಲ ಸೀಮೆ ಒಳ್ಳೆಯ ಸಾಕ್ಷಿಯಾಗಿದೆ. ಸವದತ್ತಿಯ ಶಾಸನ, ಕಿತ್ತೂರಿನ ಕಾಳಗದ ಸರಕಾರಿ ದಫ್ತರ, ಬೈಲಹೊಂಗಲದ ಲಾವಣಿ, ಎಲ್ಲಮ್ಮನಿಗೆ ಮುಡಿಪಾದ ಜೋಗತಿಯರ ಚೌಡಕಿ ಪದ ಇವೆಲ್ಲವೂ ಇಲ್ಲಿ ಒಂದಕ್ಕೊಂದು ಸಮೀಪದಲ್ಲೇ ಸಿಗುತ್ತವೆ.

ಮೊದಲು ಮಾತಾಡಿಸಿದ್ದು ಕಲ್ಲನ್ನು. 1867ರಲ್ಲಿ ಮುಂಬಯಿ ಸರಕಾರದ ಸೇವೆಗೆ ಬಂದ ಜೆ.ಎಫ್. ಫ್ಲೀಟ್ ಸವದತ್ತಿ ಮತ್ತು ಬೆಳಗಾವಿಯ ರಟ್ಟ ವಂಶದ ಅರಸರ ಶಾಸನಗಳನ್ನು 1870ರ ದಶಕದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಶಾಸನಕ್ಕೆ ಒದ್ದೆ ಕಾಗದವನ್ನು ಬಡಿದು ಪಡಿಯಚ್ಚು ತೆಗೆಯುವುದು ಈ ಕೆಲಸದ ಸುಲಭ ಭಾಗ. ಕಲ್ಲು ಹೇಳಿದ್ದನ್ನೆಲ್ಲ ನಂಬದಿರುವುದು ಕಷ್ಟದ ಭಾಗ. ಸವದತ್ತಿಯ ಒಂದು ಶಾಸನವು ರಟ್ಟರ ಪೃಥ್ವೀರಾಮನನ್ನು ರಾಷ್ಟ್ರಕೂಟ ಕೃಷ್ಣರಾಜನ ಸಾಮಂತನೆಂದು ಕರೆದು ಶಕ 797, ಅಂದರೆ ಕ್ರಿ.ಶ. 875ರ ಸುಮಾರಿನ ಕಾಲವನ್ನು ಕೊಡುತ್ತದೆ. ಆದರೆ ಆಗ ರಾಷ್ಟ್ರಕೂಟ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. ಅಷ್ಟೇ ಅಲ್ಲ, ಪೃಥ್ವೀರಾಮನ ಮಗ ಪಿಟ್ಟುಗ, ಪಿಟ್ಟುಗನ ಮಗ ಶಾಂತಿವರ್ಮ. ಈ ಶಾಂತಿವರ್ಮ ಚಾಲುಕ್ಯ ತೈಲಪನ ಸಾಮಂತನಾಗಿ ಬಸದಿಗೆ 150 ಮತ್ತರು ಭೂಮಿ ಬಿಟ್ಟ ಶಾಸನದ ಕಾಲ ಕ್ರಿ.ಶ. 980. ಅಜ್ಜನಿಗೂ ಮೊಮ್ಮಗನಿಗೂ ನಡುವೆ ನೂರೈದು ವರ್ಷಗಳ ಅಂತರವೆಂದರೆ ನಂಬುವುದು ಕಷ್ಟ. ಆದ್ದರಿಂದ ಅಲ್ಲಿ ಹೇಳಿದ ಕೃಷ್ಣನು ಹತ್ತನೆಯ ಶತಮಾನದ ಮೂರನೆಯ ಕೃಷ್ಣನಿರಬೇಕೆಂದೂ ಕೊಟ್ಟ ಶಕವರ್ಷ ಪೃಥ್ವೀರಾಮನಿಗೆ ಸಲ್ಲದೆಂದೂ ಫ್ಲೀಟ್ ಮುಂದೆ ತರ್ಕಿಸಿದನು. ಒಂದು ಆಕರದ ಮಾತನ್ನು ಇನ್ನೊಂದರ ಮಾತಿನೊಡನೆ ಒರೆಗೆ ಹಚ್ಚುವ ಈ ಕ್ರಮಕ್ಕೆ ಆಕರ ವಿಮರ್ಶೆಯೆಂದು ಹೆಸರು. ರಟ್ಟರ ವಂಶಾವಳಿಯಷ್ಟೇ ಬೆಲೆ ಈ ಅನುಮಾನಕ್ಕೂ ಇದೆ.

ಕಾಗದದ ಆಕರಗಳ ಮಾತು ಬೇರೆ. 1870ರಲ್ಲಿ ಎಚ್.ಜೆ. ಸ್ಟೋಕ್ಸ್ ಬರೆದ ಬೆಳಗಾವಿ ಜಿಲ್ಲೆಯ ಚರಿತ್ರೆಯೂ 1884ರ ಬೆಳಗಾವಿ ಗ್ಯಾಸೆಟಿಯರೂ ಆಡಳಿತಕ್ಕಾಗಿ ಹುಟ್ಟಿದ ಬರಹಗಳು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದನ್ನೂ ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದನ್ನೂ ದಫ್ತರ ಕರಾರುವಾಕ್ಕಾಗಿ ಹೇಳುತ್ತದೆ, ಆದರೆ ಅದರ ಭಾಷೆಯಲ್ಲಿ ಮುಂದೆ ಕಿತ್ತೂರಿನ ಪರವಾಗಿ ಬಂಡೆದ್ದ ಸಂಗೊಳ್ಳಿ ರಾಯಣ್ಣ ಬರೀ ದಂಗೆಕೋರ. ಅದೇ ರಾಯಣ್ಣನನ್ನು ಊರೂರಿನ ಲಾವಣಿಕಾರರು ಡಪ್ಪು ತುಂತುಣಿಗಳ ಜೊತೆ ವೀರನೆಂದು ಹಾಡಿದರು. ಆ ಹಾಡನ್ನೂ ಹಲಗಲಿ ಬೇಡರ ಮತ್ತು ಬೈಲಹೊಂಗಲದ ಸಂಗ್ಯಾನ ಲಾವಣಿಗಳನ್ನೂ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಕಂಪನಿಯ ವಾರಸುದಾರ ಸರಕಾರದ ನೌಕರನೇ ಆದ ಫ್ಲೀಟ್ ಎಂಬುದು ವಿಚಿತ್ರವಾದರೂ ನಿಜ. ಲಾವಣಿಯಿಂದ ತಾರೀಖು ಹೆಕ್ಕಲು ಹೊರಟವರು ನಿರಾಶರಾಗುತ್ತಾರೆ. ಒಂದು ಘಟನೆಯನ್ನು ಜನ ಏನೆಂದು ತಿಳಿದರು, ಏಕೆ ನೆನಪಿನಲ್ಲಿಟ್ಟರು ಎಂಬುದಕ್ಕೆ ಮಾತ್ರ ಅದಕ್ಕಿಂತ ಗಟ್ಟಿ ಆಕರವಿಲ್ಲ. ಶಾಸನ ಒಮ್ಮೆ ಕೆತ್ತಿದರೆ ನಿಂತಿತು, ಲಾವಣಿ ಹಾಡಿದಾಗಲೆಲ್ಲ ಬದಲಾಗುತ್ತದೆ. ಒಂದೇ ಪದ್ಯದ ಬೇರೆ ಬೇರೆ ರೂಪಗಳಿಗೆ ಗ್ರಂಥಸಂಪಾದಕರು ಪಾಠಾಂತರವೆನ್ನುತ್ತಾರೆ. ಹಸ್ತಪ್ರತಿಯಲ್ಲಿ ಅದು ಹಲವೊಮ್ಮೆ ಲಿಪಿಕಾರನ ತಪ್ಪು, ಹಾಡಿನಲ್ಲಾದರೋ ಹಾಡುಗಾರನ ಹಕ್ಕು.

1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾದ ಮೇಲೆ ಈ ಕೆಲಸ ಅಧಿಕಾರಿಗಳ ಬಿಡುವಿನ ಹವ್ಯಾಸವಾಗಿ ಉಳಿಯಲಿಲ್ಲ. 1950ರ ದಶಕದಲ್ಲಿ ಬಿ.ಎಸ್. ಗದ್ದಗಿಮಠರು ಜಾನಪದ ಗೀತೆಗಳನ್ನೇ ಡಾಕ್ಟರೇಟಿನ ವಿಷಯವಾಗಿಸಿದರು, ಮುಂದೆ ಎಂ.ಎಂ. ಕಲಬುರ್ಗಿಯವರು ‘ಕನ್ನಡ ಸಂಶೋಧನ ಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದು ವಿಧಾನದ ಚರ್ಚೆಗೆ ಕನ್ನಡದಲ್ಲೇ ನೆಲೆ ಒದಗಿಸಿದರು.

ಎಲ್ಲಕ್ಕಿಂತ ಬಿಗಿಯಾದ ಪರೀಕ್ಷೆ ಎದುರಾದದ್ದು ಗುಡ್ಡದಲ್ಲಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಉಗರಗೋಳದ ದಾರಿ ಹಿಡಿದು ಬರುವ ಲಕ್ಷಾಂತರ ಜನರ ಉಧೋ ಉಧೋ ಕೂಗು, ದೇವಿಗೆ ನೈವೇದ್ಯದ ಪಡ್ಡಲಗಿ ತುಂಬಿಸುವ ಆಚರಣೆ, ಜೋಗತಿಯರ ಕೈಯ ಒಂಟಿತಂತಿಯ ಚೌಡಕಿ ಇವೆಲ್ಲವೂ ಸಂವಹನ ಅಧ್ಯಯನಕ್ಕೆ, ಅಂದರೆ ಜನ ತಮ್ಮೊಳಗೆ ಅರ್ಥವನ್ನು ಹಂಚಿಕೊಳ್ಳುವ ಬಗೆಯ ಅಧ್ಯಯನಕ್ಕೆ, ವಸ್ತುವಾಗುತ್ತವೆ. ಇಲ್ಲಿ ಪದವನ್ನಷ್ಟೇ ಬರೆದುಕೊಂಡರೆ ಸಾಲದು. ಯಾರ ಮನೆಯಲ್ಲಿ, ಯಾವ ಹರಕೆಗೆ, ಯಾರ ಮುಂದೆ ಹಾಡಿದರೆಂಬ ಸಂದರ್ಭವೂ ಬೇಕು. ಹೆಣ್ಣುಮಕ್ಕಳನ್ನು ದೇವಿಗೆ ಒಪ್ಪಿಸಿ ಮುತ್ತು ಕಟ್ಟುವ ಪದ್ಧತಿಯನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರ ಕಾಯ್ದೆಯೂ ಆಮೇಲೆ ಕರ್ನಾಟಕದ 1982ರ ಕಾಯ್ದೆಯೂ ಬಂದವು. ಕಾಯ್ದೆಗಳು ಅಗತ್ಯವಾಗಿದ್ದವು, ಅನುಮಾನವಿಲ್ಲ. ಆದರೆ ಅವುಗಳ ನಂತರ ಸಂಶೋಧಕರ ಸಾಮಾನ್ಯ ಪ್ರಶ್ನೆಯೂ ಪೊಲೀಸರ ತನಿಖೆಯಂತೆ ಕೇಳಿಸತೊಡಗಿದ್ದು ಸಹಜ. ಕಲ್ಲಿಗೆ ಪಡಿಯಚ್ಚು ಬೇಡವೆನ್ನುವ ಬಾಯಿ ಇರಲಿಲ್ಲ, ಜೋಗತಿಗೆ ಇದೆ. ಲುಸಿಂಡಾ ರ‍್ಯಾಂಬರ್ಗ್ ಅವರು ಎಲ್ಲಮ್ಮನಿಗೆ ಒಪ್ಪಿಸಲ್ಪಟ್ಟ ಹೆಣ್ಣುಮಕ್ಕಳ ನಡುವೆ ಉತ್ತರ ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ಮಾಡಿ 2014ರಲ್ಲಿ ಪ್ರಕಟಿಸಿದ ಪುಸ್ತಕ, ಆ ಹೆಂಗಸರನ್ನು ಬರಿಯ ಬಲಿಪಶುಗಳೆಂದು ತೀರ್ಮಾನಿಸಿ ಮುಗಿಸದೆ ಅವರ ಮಾತಿನ ತರ್ಕವನ್ನು ಹಿಂಬಾಲಿಸುತ್ತದೆ.

ಇಂದು ಯಾರ ಕಿಸೆಯಲ್ಲಿ ನೋಡಿದರೂ ಧ್ವನಿ ಮುದ್ರಿಸುವ ಮೊಬೈಲ್ ಇದೆ. ಬರುವ ಭರತ ಹುಣ್ಣಿಮೆಗೆ ಗುಡ್ಡ ಹತ್ತುವ ವಿದ್ಯಾರ್ಥಿಗಳು ಪದವನ್ನು ಮುದ್ರಿಸುವ ಮೊದಲು ಹಾಡುವವರ ಒಪ್ಪಿಗೆ ಕೇಳಲಿ, ಅವರು ಒಪ್ಪಿದರೆ ಹೆಸರು, ಊರು, ಹಾಡಿದ ದಿನವನ್ನು ಹಾಡಿನ ಜೊತೆಗೇ ಬರೆದಿಡಲಿ.