ಕಲ್ಪಿತಕಥೆಯಲ್ಲಿ ನಂಬಿಕೆ: ಪರಿಕಲ್ಪನೆಯ ಇತಿಹಾಸ

ನಡೆಯಲಾರದ್ದೆಂದು ಗೊತ್ತಿದ್ದೂ ಓದುಗ ಅಥವಾ ಪ್ರೇಕ್ಷಕ ಕಥೆಯೊಳಗೆ ಮನಸ್ಸಿಟ್ಟು ಸಾಗುವ ಬಗೆ. ಅಪನಂಬಿಕೆಯನ್ನು ತಾನಾಗಿ ಬದಿಗಿಡುವುದು ಎಂಬ ಇಂಗ್ಲಿಷ್ ಕವಿ ಕೋಲ್‌ರಿಜ್‌ನ 1817ರ ಮಾತಿನಿಂದ ಈ ವಿಚಾರ ಹುಟ್ಟಿತೆನ್ನುವ ರೂಢಿಯಿದೆ, ಅದು ಸರಿಯಲ್ಲ. ಆತ ವಿವರಿಸುತ್ತಿದ್ದದ್ದು 1798ರ ‘ಲಿರಿಕಲ್ ಬ್ಯಾಲಡ್ಸ್’ನಲ್ಲಿ ತನ್ನ ಪಾಲಿಗೆ ಬಂದಿದ್ದ ಅತಿಮಾನುಷ ಪಾತ್ರಗಳನ್ನು ಮಾತ್ರ. ನಂಬಿಸಲಾಗದ ಸಾಧ್ಯಕ್ಕಿಂತ ನಂಬಿಸಬಲ್ಲ ಅಸಾಧ್ಯವೇ ಲೇಸೆಂದು ಅರಿಸ್ಟಾಟಲ್ ಬಹು ಹಿಂದೆಯೇ ತೀರ್ಮಾನಿಸಿದ್ದ.

ಭಾರತದಲ್ಲಿ ಈ ಚರ್ಚೆ ರಂಗದಿಂದಲೇ ಹೊರಟಿತು. ಪಾತ್ರಧಾರಿ ರಂಗದಲ್ಲಿ ಸುತ್ತು ಹಾಕಿದರೆ ಊರು ಬದಲಾಯಿತೆಂದು ತಿಳಿಯುವ ಕಟ್ಟುಪಾಡು ನಾಟ್ಯಶಾಸ್ತ್ರದಲ್ಲಿದೆ. ಯಕ್ಷಗಾನದಲ್ಲಿ ಅದನ್ನು ಇಂದಿಗೂ ಕಾಣಬಹುದು. 9ನೆಯ ಶತಮಾನದ ಕಾಶ್ಮೀರದ ಶ್ರೀಶಂಕುಕ ಚಿತ್ರದ ಕುದುರೆಯ ಹೋಲಿಕೆ ಕೊಟ್ಟ. ಗೋಡೆಯ ಮೇಲಿನ ಕುದುರೆಯನ್ನು ನೋಡಿ ‘ಕುದುರೆ’ ಎನ್ನುತ್ತೇವೆ. ಅದು ನಿಜಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಬರೀ ಹೋಲಿಕೆಯೂ ಅಲ್ಲ. ರಾಮನ ವೇಷದ ನಟನನ್ನು ನೋಡುವುದೂ ಹಾಗೆಯೇ. ನಾಟ್ಯಶಾಸ್ತ್ರಕ್ಕೆ ಶಂಕುಕ ಬರೆದ ವ್ಯಾಖ್ಯಾನ ಕಳೆದುಹೋಗಿದೆ. ಈ ವಾದ ನಮಗೆ ದಕ್ಕಿರುವುದು ಅದನ್ನು ಖಂಡಿಸಿದ ಅಭಿನವಗುಪ್ತನ ‘ಅಭಿನವಭಾರತಿ’ಯಿಂದ, ಅದರ ಮೊದಲ ಸಂಪುಟ ಬರೋಡದಲ್ಲಿ ಅಚ್ಚಾದದ್ದು 1926ರಲ್ಲಿ. ರಸಾನುಭವದ ಏಳು ವಿಘ್ನಗಳಲ್ಲಿ ಅಭಿನವಗುಪ್ತ ಮೊದಲಿಗೆ ಎಣಿಸುವುದು ‘ಇದು ಸಂಭವಿಸೀತು’ ಎನ್ನಿಸದಿರುವುದನ್ನು. ಲೋಕಕ್ಕೆ ಮೀರಿದ ಸಾಹಸವಾದರೆ ರಾಮನಂಥ ಪ್ರಸಿದ್ಧ ಹೆಸರನ್ನೇ ಹಿಡಿಯಬೇಕು, ತಲೆತಲಾಂತರದ ನಂಬಿಕೆ ಕಥೆಯನ್ನು ಹೊರುತ್ತದೆ ಎಂಬುದು ಅವನ ಪರಿಹಾರ. ಕೋಲ್‌ರಿಜ್ ಓದುಗನ ಸಮ್ಮತಿಗೆ ಬಿಟ್ಟದ್ದನ್ನು ಅಭಿನವಗುಪ್ತ ಸಮುದಾಯದ ನೆನಪಿಗೆ ಒಪ್ಪಿಸಿದ; ಈ ಅಂತರ ದೊಡ್ಡದು.

ಸಿನಿಮಾದ ಮೊದಲ ದಿನಗಳಲ್ಲಿ ಲುಮಿಯೇರ್ ಸೋದರರ ಚಿತ್ರದ ರೈಲು ತೆರೆಯ ಮೇಲೆ ಬಂದಾಗ ಪ್ಯಾರಿಸ್ಸಿನ ಜನ ಅದನ್ನು ನಿಜವೆಂದೇ ನಂಬಿ ಹೆದರಿ ಓಡಿದರೆಂಬ ಕಥೆ ಬಹಳ ಪ್ರಚಲಿತ. ಆದರೆ 1895ರ ಡಿಸೆಂಬರ್ 28ರ ಮೊದಲ ಸಾರ್ವಜನಿಕ ಪ್ರದರ್ಶನದಲ್ಲಿ ಆ ಚಿತ್ರವೇ ಇರಲಿಲ್ಲ. ಮುಂದೆ ಅದನ್ನು ತೋರಿಸಿದಾಗ ಗಾಬರಿ ಎದ್ದಿತೆನ್ನಲು ಸಮಕಾಲೀನ ಪುರಾವೆ ಸಿಕ್ಕಿಲ್ಲವೆಂದು ಜರ್ಮನ್ ವಿದ್ವಾಂಸ ಮಾರ್ಟಿನ್ ಲೋಯ್ಪರ್ಡಿಂಗರ್ ತೋರಿಸಿದ್ದಾರೆ. ತೆರೆಯ ರೈಲು ಕಂಡು ಓಡುವ ಹಳ್ಳಿಗನನ್ನು ಇಂಗ್ಲೆಂಡಿನ ಚಿತ್ರನಿರ್ಮಾಪಕ ಆರ್. ಡಬ್ಲ್ಯು. ಪಾಲ್ 1901ರ ಒಂದು ಹಾಸ್ಯಚಿತ್ರದಲ್ಲಿ ತೋರಿಸಿದ್ದ. ಪ್ರೇಕ್ಷಕರು ಆಗಲೇ ಅದನ್ನು ನೋಡಿ ನಗಬಲ್ಲವರಾಗಿದ್ದರು.

1939ರ ಒಂದು ಉಪನ್ಯಾಸದಲ್ಲಿ ಇಂಗ್ಲಿಷ್ ಲೇಖಕ ಟೋಲ್ಕೀನ್ ಕೋಲ್‌ರಿಜ್‌ನ ಸೂತ್ರವನ್ನು ಒಪ್ಪಲಿಲ್ಲ: ಕಥೆಯ ಲೋಕ ಗಟ್ಟಿಯಾಗಿದ್ದರೆ ಓದುಗ ಅದರೊಳಗೇ ನಂಬುತ್ತಾನೆ, ಅಪನಂಬಿಕೆಯನ್ನು ತಡೆಹಿಡಿಯಬೇಕಾಗಿ ಬಂದರೆ ಕಥೆ ಆಗಲೇ ಸೋತಿದೆ. 1978ರಲ್ಲಿ ತತ್ತ್ವಜ್ಞ ಕೆಂಡಾಲ್ ವಾಲ್ಟನ್, ಕಥೆಯನ್ನು ನಿಜಕ್ಕೂ ನಂಬುತ್ತೇವೆಯೇ ಎಂದು ಕೇಳಲು, ಚಾರ್ಲ್ಸ್ ಎಂಬ ಕಲ್ಪಿತ ಪ್ರೇಕ್ಷಕನನ್ನು ಮುಂದಿಟ್ಟ. ತೆರೆಯ ಮೇಲೆ ಹಸಿರು ಲೋಳೆ ತನ್ನತ್ತ ಹರಿದು ಬರುವಾಗ ಅವನ ಎದೆ ಹೊಡೆದುಕೊಳ್ಳುತ್ತದೆ, ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೂ ಎದ್ದು ಓಡಬೇಕೆಂದಾಗಲಿ ಪೊಲೀಸರನ್ನು ಕರೆಯಬೇಕೆಂದಾಗಲಿ ಅವನಿಗೆ ಅನ್ನಿಸುವುದಿಲ್ಲ.