ರಂಧ್ರಜೋಡಣೆ ಮತ್ತು ಮೇಲ್ಮೈಜೋಡಣೆ: ಅಲ್ಪಪ್ರಮಾಣದ ಉತ್ಪಾದನೆಯ ವೆಚ್ಚವನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಯಂತ್ರಕಲೆಯ ಚರಿತ್ರೆಯನ್ನು ಬರೆಯುವವರು, ಹೊಸ ವಿಧಾನವೊಂದು ಹಳೆಯದನ್ನು ಹಿಂದಿಕ್ಕಿದುದಕ್ಕೆ ಅದರ ಅಗ್ಗತನವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅದು ಯಾರಿಗೆ ಅಗ್ಗ, ಎಷ್ಟು ಪ್ರಮಾಣದ ಉತ್ಪಾದನೆಗೆ ಅಗ್ಗ ಎಂದು ಪ್ರಶ್ನಿಸುವವರು ವಿರಳ. ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಫಲಕದ ಮೇಲೆ ಜೋಡಿಸುವ ಎರಡು ವಿಧಾನಗಳ ಚರಿತ್ರೆ ಈ ಪ್ರಶ್ನೆಯ ಮಹತ್ತ್ವವನ್ನು ತೋರಿಸಿಕೊಡುತ್ತದೆ.

ಮೊದಲನೆಯದು ಥ್ರೂ-ಹೋಲ್ ಎಂದರೆ ರಂಧ್ರಜೋಡಣೆ. ಬಿಡಿಭಾಗದ ತಂತಿಕಾಲುಗಳನ್ನು ಫಲಕದ ರಂಧ್ರಗಳಲ್ಲಿ ತೂರಿಸಿ ಹಿಂಬದಿಯಲ್ಲಿ ಬೆಸೆಯುವುದು ಇದರ ಕ್ರಮ. ವಿಯೆನ್ನಾದಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲಸಿದ ಪಾಲ್ ಐಸ್ಲರನು ಎರಡನೆಯ ಮಹಾಯುದ್ಧಕ್ಕೆ ಮುನ್ನವೇ ಮುದ್ರಿತ ಮಂಡಲವುಳ್ಳ ರೇಡಿಯೋವೊಂದನ್ನು ರಚಿಸಿದ್ದನು. ೧೯೪೯ರಲ್ಲಿ ಅಮೆರಿಕದ ಸೈನ್ಯದ ಸಿಗ್ನಲ್ ಕೋರ್‌ಗೆ ಸೇರಿದ ಏಬ್ರಮ್ಸನ್ ಮತ್ತು ಡ್ಯಾಂಕೋ ಎಂಬುವರು, ಕಾಲುಗಳನ್ನು ತೂರಿಸಿದ ಫಲಕವನ್ನು ಕರಗಿದ ಬೆಸುಗೆಯಲ್ಲಿ ಅದ್ದಿ ಎಲ್ಲವನ್ನೂ ಒಮ್ಮೆಗೇ ಬೆಸೆಯುವ ಕ್ರಮವನ್ನು ರೂಪಿಸಿದರು. ೧೯೬೪ರ ಸುಮಾರಿಗೆ ಫೇರ್‌ಚೈಲ್ಡ್ ಸಂಸ್ಥೆಯು ಎರಡು ಸಾಲು ಕಾಲುಗಳ ಕೋಶವನ್ನು ಹೊರತಂದಿತು. ಅದರ ಕಾಲುಗಳ ನಡುವಣ ಅಂತರ ೨.೫೪ ಮಿಲಿಮೀಟರ್, ಬರಿಗಣ್ಣಿಗೂ ಬರಿಗೈಗೂ ಒಗ್ಗುವ ಅಳತೆ.

ಎರಡನೆಯದು ಸರ್ಫೇಸ್ ಮೌಂಟ್ ಎಂದರೆ ಮೇಲ್ಮೈಜೋಡಣೆ. ಇಲ್ಲಿ ಬಿಡಿಭಾಗವನ್ನು ಫಲಕದ ಮೇಲೆಯೇ ಇರಿಸಿ ಬೆಸೆಯಲಾಗುತ್ತದೆ. ೧೯೬೦ರ ದಶಕದಲ್ಲಿ ಐಬಿಎಂ ಸಂಸ್ಥೆಯು ಈ ಕ್ರಮವನ್ನು ಸ್ಯಾಟರ್ನ್ ರಾಕೆಟ್ಟುಗಳ ಗಣಕಯಂತ್ರದಲ್ಲಿ ಬಳಸಿತು. ಆ ಯಂತ್ರದಲ್ಲಿ ಗಾತ್ರವೂ ತೂಕವೂ ಮುಖ್ಯವಾಗಿದ್ದುವೇ ಹೊರತು ಹಣವಲ್ಲ. ಈ ವಿಧಾನ ಅಗ್ಗವಾದುದು ಅನಂತರ. ೧೯೮೦ರ ದಶಕದಲ್ಲಿ ಬಿಡಿಭಾಗಗಳನ್ನು ಯಂತ್ರಗಳೇ ವೇಗವಾಗಿ ಇರಿಸತೊಡಗಿದ ಮೇಲೆ. ರಂಧ್ರ ಕೊರೆಯುವ ಕೆಲಸ ಕಡಿಮೆಯಾಯಿತು, ಫಲಕ ಚಿಕ್ಕದಾಯಿತು, ಎರಡು ಬದಿಗಳೂ ಉಪಯೋಗಕ್ಕೆ ಬಂದುವು.

ಆದರೆ ಐವತ್ತು ಅಥವಾ ನೂರು ಫಲಕಗಳನ್ನು ಮಾತ್ರ ತಯಾರಿಸುವವನ ಲೆಕ್ಕ ಬೇರೆ. ಯಂತ್ರದಿಂದ ಜೋಡಿಸುವುದಕ್ಕೆ ಮೊದಲು ಬೆಸುಗೆಯ ಲೇಪವನ್ನು ಹಚ್ಚಲು ರಂಧ್ರವುಳ್ಳ ಲೋಹದ ಹಾಳೆ ಬೇಕು. ಸುರುಳಿಗಳನ್ನು ಯಂತ್ರಕ್ಕೆ ಏರಿಸಬೇಕು. ಪ್ರತಿಯೊಂದು ಭಾಗದ ಸ್ಥಾನವನ್ನೂ ಯಂತ್ರಕ್ಕೆ ತಿಳಿಸಬೇಕು. ಈ ಪೂರ್ವವೆಚ್ಚ ಒಂದು ಫಲಕಕ್ಕೂ ಸಾವಿರ ಫಲಕಕ್ಕೂ ಹೆಚ್ಚುಕಡಮೆ ಒಂದೇ. ಮೇಲ್ಮೈಯ ರೋಧಕ ಬಿಡಿಯಾಗಿ ಅಗ್ಗವೆಂಬುದು ನಿಜ. ಆದರೆ ಅದು ಸಾಮಾನ್ಯವಾಗಿ ಐದು ಸಾವಿರದ ಸುರುಳಿಯಲ್ಲಿ ಬರುತ್ತದೆ, ತುಂಡಾಗಿ ಕೊಂಡರೆ ಬೆಲೆ ಏರುತ್ತದೆ. ಪೂರ್ವವೆಚ್ಚ ೧೨,೦೦೦ ರೂಪಾಯಿ, ಪ್ರತಿ ಫಲಕಕ್ಕೆ ಉಳಿತಾಯ ೬೦ ರೂಪಾಯಿ ಎಂದು ಕಲ್ಪಿಸಿಕೊಂಡರೆ, ೨೦೦ ಫಲಕಗಳಾದ ಮೇಲಷ್ಟೇ ಯಂತ್ರದಿಂದ ಲಾಭ. ಕೈಕೆಲಸದ ಕೂಲಿ ಕಡಿಮೆಯಿರುವ ಕಡೆ ಉಳಿತಾಯ ಕುಗ್ಗಿ ಈ ಎಲ್ಲೆ ಇನ್ನೂ ದೂರ ಸರಿಯುತ್ತದೆ.

ಹಾಗಾದರೆ ಸಣ್ಣ ಉತ್ಪಾದಕನು ಹಳೆಯ ಕ್ರಮದಲ್ಲಿಯೇ ಉಳಿಯಬಹುದಲ್ಲವೆ? ಇಲ್ಲಿಯೇ ಚರಿತ್ರೆಯ ಪಾಠವಿದೆ. ೨೦೦೫ರಲ್ಲಿ ಇಟಲಿಯ ಇವ್ರೇಯಾದಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೋ ಫಲಕವನ್ನು ಪರಿಶೀಲಿಸಬಹುದು. ೨೦೧೦ರ ಅದರ ಊನೋ ಮಾದರಿಯಲ್ಲಿ ಮುಖ್ಯ ಚಿಪ್ಪು ಉದ್ದಕಾಲಿನದಾಗಿದ್ದು, ಕೆಟ್ಟರೆ ಕೈಯಿಂದಲೇ ಕಿತ್ತು ಬದಲಾಯಿಸಬಹುದಾಗಿದ್ದಿತು. ೨೦೧೧ರಲ್ಲಿ ಅಂತಹ ಚಿಪ್ಪಿಗೆ ಕೊರತೆಯೊದಗಲು, ಮೇಲ್ಮೈಜೋಡಣೆಯ ಚಿಪ್ಪುಳ್ಳ ಮತ್ತೊಂದು ಆವೃತ್ತಿಯನ್ನು ಹೊರತರಬೇಕಾಯಿತು. ಬಳಸುವವರ ಅನುಕೂಲವಲ್ಲ, ಮಾಲಿನ ಲಭ್ಯತೆಯೇ ಅಲ್ಲಿ ನಿರ್ಣಾಯಕವಾಯಿತು.

ಈಚೆಗೆ ಅನೇಕ ಗಿರಾಕಿಗಳ ಕೆಲಸವನ್ನು ಒಟ್ಟುಗೂಡಿಸಿ, ಸಾಮಾನ್ಯ ಭಾಗಗಳನ್ನು ಯಂತ್ರದಲ್ಲಿ ಮೊದಲೇ ಏರಿಸಿಟ್ಟುಕೊಂಡಿರುವ ಜೋಡಣಾಶಾಲೆಗಳು ಪೂರ್ವವೆಚ್ಚವನ್ನು ಹಂಚಿ ತಗ್ಗಿಸಿವೆ. ಎಳೆತ ಸೆಳೆತಗಳಿಗೆ ಒಳಗಾಗುವ ಕನೆಕ್ಟರುಗಳಿಗೂ ಭಾರವಾದ ಟ್ರಾನ್ಸ್‌ಫಾರ್ಮರುಗಳಿಗೂ ರಂಧ್ರಜೋಡಣೆ ಇಂದಿಗೂ ಬಳಕೆಯಲ್ಲಿದೆ. ಆದರೂ ಒಂದು ಮಾತು ಸ್ಪಷ್ಟ. ಯಾವ ಭಾಗ ಮಾರುಕಟ್ಟೆಯಲ್ಲಿ ಉಳಿಯಬೇಕೆಂಬುದನ್ನು ಲಕ್ಷಗಟ್ಟಲೆ ತಯಾರಿಸುವವರ ಲೆಕ್ಕ ನಿರ್ಧರಿಸುತ್ತದೆ; ನೂರು ತಯಾರಿಸುವವನು ಆ ನಿರ್ಧಾರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಆದುದರಿಂದ ಯಂತ್ರಕಲೆಯ ಚರಿತ್ರಕಾರನು ಗೆದ್ದ ವಿಧಾನದ ಗುಣವನ್ನು ಹೇಳಿ ನಿಲ್ಲದೆ, ಯಾರ ಲೆಕ್ಕದಲ್ಲಿ ಅದು ಗೆದ್ದಿತೆಂಬುದನ್ನೂ ವಿಚಾರಿಸುವುದು ಅವಶ್ಯಕ.