ಬಂಗಾಳ ಕೊಲ್ಲಿಯ ಲವಣಾಂಶ: ನದಿನೀರು ಮತ್ತು ಮಾರುತಗಳ ಪಾತ್ರ

ಅರಬ್ಬೀ ಸಮುದ್ರವೂ ಬಂಗಾಳ ಕೊಲ್ಲಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಒಂದೇ ಮುಂಗಾರಿಗೆ ಮೈಯೊಡ್ಡುತ್ತವೆ. ಆದರೂ ಅರಬ್ಬೀ ಸಮುದ್ರದ ಮೇಲ್ಪದರದ ಒಂದು ಕಿಲೋ ನೀರಿನಲ್ಲಿ ಸುಮಾರು 36 ಗ್ರಾಂ ಲವಣವಿದ್ದರೆ, ಮುಂಗಾರು ಮುಗಿಯುವ ಹೊತ್ತಿಗೆ ಕೊಲ್ಲಿಯ ಉತ್ತರದಲ್ಲಿ ಅದು 30 ಗ್ರಾಮಿಗಿಂತ ಕೆಳಗಿಳಿದಿರುತ್ತದೆ. ಅಲ್ಲಿ ಆವಿಯಾಗುವ ನೀರು ಹೆಚ್ಚು. ಇಲ್ಲಿ ಮಳೆಯ ಜೊತೆಗೆ ಗಂಗಾ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿಗಳ ನೀರು ಹೆಚ್ಚು. ವಿವರಣೆ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತದೆ, ಇಷ್ಟು ಸಾಲದು. ಕಡಲಿಗಿಳಿದ ಸಿಹಿನೀರು ಎತ್ತ ಹೋಗಬೇಕು, ಎಷ್ಟು ಕಾಲ ಉಪ್ಪುನೀರಿನೊಡನೆ ಬೆರೆಯದೆ ಉಳಿಯಬೇಕು ಎಂಬುದು ಬಹುಮಟ್ಟಿಗೆ ಗಾಳಿಯ ಕೈಯಲ್ಲಿದೆ.

ಸಿಹಿನೀರು ಎತ್ತ ಹೋಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಒದಗಿಸಿದವರು ಮೀನುಗಾರರು. ಉಪಗ್ರಹಗಳು ಅಳೆಯುವ ಲವಣಾಂಶ ದಡದ ಹತ್ತಿರ ನಂಬಲರ್ಹವಲ್ಲ. ನೆಲದ ಸಂಕೇತ ಅದರೊಳಗೆ ಸೇರಿಕೊಳ್ಳುತ್ತದೆ. ಆ ಕೊರತೆ ತುಂಬುವಂತೆ ಕರಾವಳಿಯ ಹಲವು ಕಡೆ ಮೀನುಗಾರರು ಐದು ದಿನಕ್ಕೊಮ್ಮೆ ಬಾಟಲಿಯಲ್ಲಿ ಕಡಲ ನೀರು ತುಂಬಿಕೊಟ್ಟರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮುಂಗಾರಿನ ಕೊನೆಗೆ ಉತ್ತರದಲ್ಲಿ ಲವಣಾಂಶ 10 ಗ್ರಾಮಿಗಿಂತ ಹೆಚ್ಚು ಕುಸಿಯುತ್ತದೆ. ಆಮೇಲೆ ಸುಮಾರು 100 ಕಿ.ಮೀ. ಅಗಲದ ಸಿಹಿನೀರಿನ ಪಟ್ಟಿಯೊಂದು ಪೂರ್ವ ಕರಾವಳಿಗುಂಟ ತೆಂಕಣಕ್ಕೆ ಸಾಗಿ, ಎರಡೂವರೆ ತಿಂಗಳಲ್ಲಿ ಭಾರತದ ದಕ್ಷಿಣ ತುದಿ ತಲುಪುತ್ತದೆ. ಕಡಲೊಳಗೇ ಹರಿಯುವ ಹೊಳೆಯಿದು.

ಅದಕ್ಕೆ ದಂಡೆ ಕಟ್ಟುವುದು ಗಾಳಿ. ಉತ್ತರಾರ್ಧಗೋಳದಲ್ಲಿ ಗಾಳಿ ಮೇಲ್ಪದರದ ನೀರನ್ನು ತನ್ನ ಬಲಕ್ಕೆ ತಳ್ಳುತ್ತದೆ. ನೈಋತ್ಯ ಮಾರುತ ಪೂರ್ವ ಕರಾವಳಿಯ ನೀರನ್ನು ಆಳಸಮುದ್ರದತ್ತ ಹರಡಿದರೆ, ಹಿಂಗಾರಿನ ಈಶಾನ್ಯ ಮಾರುತ ದಡಕ್ಕೆ ಒತ್ತಿ ಹಿಡಿಯುತ್ತದೆ. ಸಮಭಾಜಕದ ಬಳಿಯ ಗಾಳಿ ಎಬ್ಬಿಸಿದ ಅಲೆಗಳು ಕೊಲ್ಲಿಯ ಅಂಚನ್ನು ಸುತ್ತಿ ಬಂದು ಕರಾವಳಿ ಪ್ರವಾಹವನ್ನು ಪ್ರಭಾವಿಸುತ್ತವೆ. ದೂರದ ಗಾಳಿಯನ್ನು ಬಿಟ್ಟು ಸ್ಥಳೀಯ ಗಾಳಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಅರೆಬರೆಯಾಗುತ್ತದೆ.

ಗಾಳಿಗೂ ಮಿತಿಯುಂಟು. ಹಗುರವಾದ ಸಿಹಿನೀರು ಮೇಲೆ ಹಾಸಿಕೊಂಡಾಗ ಕೆಳಗಿನ ತಣ್ಣೀರನ್ನು ಮೇಲಕ್ಕೆ ಕಲಕುವುದು ಗಾಳಿಗೆ ಕಷ್ಟ. ನಡುವೆ ತಡೆಪದರವೊಂದು ಏರ್ಪಡುತ್ತದೆ. ಇಂಥ ಕಡೆ ಚಂಡಮಾರುತ ಹಾದುಹೋದಾಗಲೂ ಮೇಲ್ಮೈ ಹೆಚ್ಚು ತಣಿಯುವುದಿಲ್ಲ. ಚಂಡಮಾರುತದ ಬಲಕ್ಕೆ ಬೇಕಾದ ಶಾಖ ಕಡಲಿನಿಂದ ಸಿಗುತ್ತಲೇ ಇರುತ್ತದೆ. ಒಡಿಶಾ, ಆಂಧ್ರ, ತಮಿಳುನಾಡಿನ ಕರಾವಳಿಯ ಜನರ ಬದುಕಿಗೆ ತಟ್ಟುವ ವಿಷಯವಿದು. ಲವಣಾಂಶದ ಮಾಪನಕ್ಕೆ ಉಷ್ಣಾಂಶದ ಮಾಪನದಷ್ಟೇ ಮಹತ್ವ ಸಿಗಬೇಕೆನ್ನುವುದು ಇದೇ ಕಾರಣಕ್ಕೆ.

ಚಳಿಗಾಲದಲ್ಲಿ ಈ ಸಿಹಿನೀರಿನ ಒಂದು ಪಾಲು ಶ್ರೀಲಂಕಾವನ್ನು ಬಳಸಿ ಲಕ್ಷದ್ವೀಪ ಸಮುದ್ರಕ್ಕೆ ಬರುತ್ತದೆ. ಮುಂಗಾರಿಗೆ ಮುನ್ನ ಅಲ್ಲಿನ ಕಡಲು ವಿಪರೀತ ಕಾಯುವುದಕ್ಕೆ ಅದೂ ಒಂದು ಕಾರಣ. ಮುಂಗಾರಿನಲ್ಲಿ ಪ್ರವಾಹ ತಿರುಗಿ, ಅರಬ್ಬೀ ಸಮುದ್ರದ ಉಪ್ಪುನೀರು ಕೊಲ್ಲಿಯ ಮೇಲ್ಪದರದ ಅಡಿಗೆ ನುಗ್ಗುತ್ತದೆ. ಶ್ರೀಲಂಕಾದ ಸುತ್ತ ಅದು ಮೇಲೆದ್ದು ಬೆರೆಯುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 2013ರಲ್ಲಿ ‘ಮುಂಗಾರಿನ ಪಂಪು’ ಎಂದು ವಿವರಿಸಿದರು. ಇಷ್ಟೊಂದು ನದಿನೀರು ಬಿದ್ದೂ ಕೊಲ್ಲಿ ವರ್ಷದಿಂದ ವರ್ಷಕ್ಕೆ ಸಪ್ಪೆಯಾಗದಿರುವುದಕ್ಕೆ ಉತ್ತರ ಅಲ್ಲಿದೆ.